ಮಿಡಿಗೇಶಿಯಿಂದ ಕಂಪ್ಯೂಟರಿಗೆ ಮೂರು ತಮಾಷೆ

ಮಿಡಿಗೇಶಿ
೯ ಜುಲೈ ೧೯೮೬

ಭೀಮಕ್ಕ,

ನಾನು ಕ್ಷೇಮ, ಕೂಸು ಕ್ಷೇಮ. ಕೂಸಿಗೆ ಐದು ತಿಂಗಳು ತುಂಬಿದ ಮೇಲೆ ಕೊರಟಗೆರೆಯ ತವರಿನಿಂದ ಇಲ್ಲಿಗೆ ಬಂದು ಮೂರು ವಾರವಾಯಿತು. ಇವರಿಗೆ ಪಾವಗಡದಲ್ಲಿ ಕೆಲಸ. ಶನಿವಾರ ಸಂಜೆ ಬಂದರೆ ಸೋಮವಾರ ಮೊದಲನೇ ಬಸ್ಸಿಗೆ ಹೊರಟರು.

ನಮ್ಮ ಮನೆಯ ಜಗಲಿಯೇ ಊರಿನ ಪೋಸ್ಟಾಫೀಸು, ಮಾವ ನಾಗಲಿಂಗಯ್ಯನವರೇ ಪೋಸ್ಟ್ ಮಾಸ್ಟರು. ಕೆಂಪು ಡಬ್ಬ ನಮ್ಮ ಗೋಡೆಗೇ ತಗಲಿಕೊಂಡಿದೆ, ಅದರ ಬೀಗದ ಕೈ ಮಾವನ ಉಡಿದಾರದಲ್ಲಿದೆ. ಮನೆಗೆ ಕಾಗದ ಬಂದರೆ ಅವರೇ ಒಡೆದು ಜಗಲಿಯಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ ಓದುತ್ತಾರೆ. ಹೋಗುವ ಕಾಗದಕ್ಕೆ ಅವರೇ ಅಂಟು ಹಚ್ಚಬೇಕು, ಹಚ್ಚುವ ಮುಂಚೆ ಒಂದು ಸಲ ಕಣ್ಣಾಡಿಸಬೇಕು. ಕೆಟ್ಟ ಬುದ್ಧಿಯಿಂದಲ್ಲ ಕಣೇ, ಅಕ್ಕರೆಯಿಂದ. (ಮಾವ, ನೀವು ಇದನ್ನೂ ಓದುತ್ತಿದ್ದೀರಿ. ಕಾಫಿ ತಣ್ಣಗಾಗುತ್ತಿದೆ.)

ಹೋದ ವರ್ಷ ಬೇಸಿಗೆಯ ತರಬೇತಿ ನೆನಪಿದೆಯಾ? ನಾನು ಕಂಪ್ಯೂಟರಿನ ಒಂದು ಗುಂಡಿ ಒತ್ತಿದೆ, ಪರದೆಯ ಮೇಲೆ "ಯಂತ್ರ ಕೆಟ್ಟಿತು, ಮುಟ್ಟಿದವರು ಜಗದಾಂಬ" ಅಂತ ಬಂತು. ನಾನು ಎಲ್ಲರೆದುರಿಗೆ ಗೊಳೋ ಅಂತ ಅತ್ತೆ. ಅದು ನಿನ್ನ ಕುಚೋದ್ಯ ಅಂತ ತಿಳಿದದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಈಗ ನೀನು ಶಿರಾ ಕಾಲೇಜಿನ ಕಂಪ್ಯೂಟರ್ ಮೇಡಂ, ನಾನು ಮಿಡಿಗೇಶಿಯಲ್ಲಿ ಹಾಲು ಕಾಯಿಸುವವಳು. ಆದರೂ ಸೇಡು ಸೇಡೇ. ಹಿಂಬದಿಯಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೇನೆ. ಇದ್ದ ಹಾಗೇ ಟೈಪ್ ಮಾಡಿ ಓಡಿಸು, ಏನಾಯಿತು ಅಂತ ಬರಿ.

ಊಟ ನಿದ್ದೆ ಎಲ್ಲ ಚೆನ್ನಾಗಿ ಆಗುತ್ತಿದೆ.

ನಿನ್ನ
ಜಗದಾಂಬ


ಶಿರಾ
೧೬ ಜುಲೈ ೧೯೮೬

ಏನೇ ಜಗದಾ,

ಸಿಕ್ಕಿಬಿದ್ದೆ! ನಾಲ್ಕನೇ ಸಾಲಿಗೇ ಸಿಕ್ಕಿಬಿದ್ದೆ. "ನಿನ್ನ ಹೆಸರೇನು" ಅಂತ ಯಂತ್ರ ಕೇಳಬೇಕು, ನಾನು ಏನೇ ಹೇಳಲಿ "ಸುಳ್ಳು, ನಿಜ ಹೇಳು" ಅನ್ನಬೇಕು, ನಾನು ಸಾಯಂಕಾಲದವರೆಗೂ ಹೆಸರು ಹೇಳುತ್ತಾ ಕೂತಿರಬೇಕು. ಅಷ್ಟೇ ತಾನೇ? ಟೈಪ್ ಮಾಡುವವಳು ನಾನೇ, ಓದುತ್ತಾ ತಾನೇ ಟೈಪ್ ಮಾಡೋದು? ಕಳ್ಳತನಕ್ಕೆ ಹೋಗುವ ಮುಂಚೆ ಮನೆಯವರಿಗೆ ಕಾಗದ ಬರೆದ ಹಾಗಾಯಿತು ನಿನ್ನ ಕಥೆ.

ಆದರೂ ಓಡಿಸಿದೆ, ನಮ್ಮ ಅಟೆಂಡರ್ ಕದರಪ್ಪನನ್ನು ಕೂರಿಸಿ. ಅವನು ಮೂರು ಸಲ ತನ್ನ ಹೆಸರು ಒತ್ತಿ, ಮೂರು ಸಲ ಸುಳ್ಳುಗಾರ ಅನ್ನಿಸಿಕೊಂಡು, ಕೊನೆಗೆ ಯಂತ್ರಕ್ಕೆ "ಲೇ, ರೇಷನ್ ಕಾರ್ಡ್ ತಂದು ತೋರುಸ್ಲೇನ್ಲಾ?" ಅಂದುಬುಟ್ಟ. ಪ್ರಿನ್ಸಿಪಾಲ್ ಪರ್ವತಯ್ಯನವರು ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ಏನು ಗಲಾಟೆ ಅಂದರು. ಈ ಕೋಣೆಗೆ ಅವರು ಚಪ್ಪಲಿ ಹಾಕಿಕೊಂಡು ಬಂದದ್ದೇ ಇಲ್ಲ. ಯಂತ್ರಕ್ಕೆ ಕುಂಕುಮ ಇಟ್ಟಿದ್ದಾರೆ, ದಿನವೂ ನಾನು ಒರೆಸುತ್ತೇನೆ, ದಿನವೂ ಅವರು ಇಡುತ್ತಾರೆ.

ಬುಕ್ಕಾಪಟ್ಟಣದ ನಮ್ಮ ಹಟ್ಟಿಯ ಜನಕ್ಕೆ ನಾನೇನು ಕೆಲಸ ಮಾಡುತ್ತೇನೆ ಅಂತ ಇನ್ನೂ ತಿಳಿದಿಲ್ಲ. ಅವ್ವ ಕೇಳಿದವರಿಗೆಲ್ಲ "ನನ್ ಮಗ್ಳು ಟಿ.ವಿ. ರಿಪೇರಿ ಮಾಡ್ತಾಳೆ" ಅನ್ನುತ್ತಾಳೆ.

ಇನ್ನೂ ಜಾಣತನದ ತಮಾಷೆ ಕಳಿಸು. ಮಾವನವರಿಗೆ ನಮಸ್ಕಾರ, ಜಗಲಿಯವರಿಗೆಲ್ಲ ನಮಸ್ಕಾರ.

ಭೀಮಕ್ಕ


ಮಿಡಿಗೇಶಿ
೨೫ ಜುಲೈ ೧೯೮೬

ಭೀಮಕ್ಕ,

ನಿನ್ನ ಕಾಗದ ಓದುವಾಗ ಮಾವ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ರೇಷನ್ ಕಾರ್ಡಿನ ಮಾತನ್ನು ಬಂದವರಿಗೆಲ್ಲ ಹೇಳುತ್ತಿದ್ದಾರೆ.

ಸೋಲು ಒಪ್ಪಿದೆ. ಇನ್ನು ತಮಾಷೆ ಬೇಡ. ಈ ಸಲ ನಿನಗೆ ಉಪಯೋಗವಾಗುವ ಪ್ರೋಗ್ರಾಂ ಕಳಿಸುತ್ತಿದ್ದೇನೆ. ಹುಡುಗರ ಅಂಕಗಳ ಸರಾಸರಿ ತೆಗೆಯುವುದು. ಕೊನೆಯ ಸಾಲಿನಲ್ಲಿ ಮೂವತ್ತು ಚಿಲ್ಲರೆ ಅಂಕಿಗಳಿವೆ, ಅವು ಮಾದರಿಗೆ ಕೊಟ್ಟ ಅಂಕಗಳು. ಮೊದಲು ಅವನ್ನೇ ಹಾಕಿ ನೋಡು. ಪ್ರಿನ್ಸಿಪಾಲರಿಗೂ ತೋರಿಸು, ಸಂತೋಷಪಡುತ್ತಾರೆ.

ಕೂಸು ಮಗುಚಿಕೊಳ್ಳುತ್ತಿದೆ. ಮಗುಚಿಕೊಂಡು ಮುಖ ಅಡಿಯಾದರೆ ಅಂತ ಪಕ್ಕದಲ್ಲೇ ಕೂತಿರುತ್ತೇನೆ. ಕೂತಿರುವಾಗ ತಲೆಯಲ್ಲೇ ಈ ಪ್ರೋಗ್ರಾಂ ಕಟ್ಟಿದೆ. ಹೊತ್ತು ಬೇಕಾದಷ್ಟಿದೆ.

ಜಗದಾಂಬ


ಶಿರಾ
೪ ಆಗಸ್ಟ್ ೧೯೮೬

ಜಗದಾ, ಪಾಪಿ,

ಗೆದ್ದೆ. ಒಪ್ಪಿಕೊಂಡೆ.

ನಿನ್ನ ಮಾತು ನಂಬಿ ಪರ್ವತಯ್ಯನವರನ್ನು ಕರೆದೆ. ಅವರು ಚಪ್ಪಲಿ ಬಿಟ್ಟು ಬಂದು ಕೈಕಟ್ಟಿ ನಿಂತರು. ಹಿಂದೆ ಪಿ.ಯು.ಸಿ. ಹುಡುಗರು. ಎಲ್ಲ ಅಂಕಿ ಒತ್ತಿ ಓಡಿಸಿದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಗನ್ನಡ: "ಮೇಡಂ ನಿಮ್ಮ ಸೆರಗಲ್ಲಿ ಸೀಮೆಸುಣ್ಣ!" ನಾನು ತಿರುಗಿ ನೋಡಿಕೊಂಡೆ. ಹುಡುಗರೂ ನೋಡಿದರು. ಪ್ರಿನ್ಸಿಪಾಲರೂ ನೋಡಿದರು. ನಿಜವಾಗಿಯೂ ಇತ್ತು ಕಣೇ ಸೀಮೆಸುಣ್ಣ! ಯಂತ್ರಕ್ಕೆ ಹೆಂಗೆ ಕಾಣಿಸಿತು ಅಂತ ಕದರಪ್ಪ ಅದರ ಮುಂದೆ ಮಾತೇ ನಿಲ್ಲಿಸಿದ್ದಾನೆ.

ಎಂಥ ಕಿಲಾಡಿ ನೀನು! ಯಂತ್ರದೊಳಗೆ ಪ್ರತಿ ಅಕ್ಷರಕ್ಕೂ ಒಂದು ಅಂಕಿ ಇದೆ, ಎ ಗೆ ೬೫, ಬಿ ಗೆ ೬೬, ಹೀಗೇ ಸಾಲಾಗಿ ಝಡ್‌ವರೆಗೆ. ಮಾತನ್ನು ಅಂಕಿ ಮಾಡಿ ಹುಡುಗರ ಅಂಕಗಳು ಅಂತ ಹೇಳಿ ಕಳಿಸಿದೆ. ಅಂಕಿಗಳನ್ನು ಯಾರು ಓದುತ್ತಾರೆ? ನಾನು ಕೂಡ ಓದಲಿಲ್ಲ.

ಇದಕ್ಕೆ ನನ್ನ ಉತ್ತರ ಬೇರೆ ಲಕೋಟೆಯಲ್ಲಿ ಬರುತ್ತಿದೆ. ಕಾದಿರು.

ಭೀಮಕ್ಕ


ಮಿಡಿಗೇಶಿ
೧೪ ಆಗಸ್ಟ್ ೧೯೮೬

ಭೀಮಕ್ಕ,

ನಿನ್ನ ಲಕೋಟೆ ಬಂದು ಊರೇ ಎದ್ದು ಕೂತಿತು. ಕಂಪ್ಯೂಟರಿನಲ್ಲಿ ಅಚ್ಚಾದ ಕಾಗದ, ಎರಡೂ ಅಂಚಿಗೆ ಸಾಲಾಗಿ ತೂತು. ಮಾವ ಅದನ್ನು ಸರ್ಕಾರದ್ದು ಅಂತಲೇ ತಿಳಿದು ಎದ್ದು ನಿಂತು ಓದಿದರು. "ಶ್ರೀಮತಿ ಜಗದಾಂಬ ಎಂಬುವರು ತಮ್ಮ ಮಗುವಿನ ಕೆನ್ನೆಯನ್ನು ದಿನಕ್ಕೆ ಹತ್ತು ಸಲಕ್ಕಿಂತ ಹೆಚ್ಚು ಮುದ್ದಿಸತಕ್ಕದ್ದಲ್ಲ. ತಪ್ಪಿದಲ್ಲಿ ಕಂಪ್ಯೂಟರ್ ಇಲಾಖೆಯು ಕ್ರಮ ಜರುಗಿಸುವುದು." ಅತ್ತೆ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಯಾವನಪ್ಪ ಅವ್ನು, ನಮ್ ಕೂಸಿನ್ ಕೆನ್ನೆ ಲೆಕ್ಕ ಇಕ್ಕೋನು?" ಅಂದರು. ಮಾವ ಎರಡನೇ ಸಲ ಓದಿ, ಕೆಳಗೆ ನಿನ್ನ ಹೆಸರು ನೋಡಿ, ತಾವೇ ಮೊದಲು ನಕ್ಕರು. ಆಮೇಲೆ ಅದಕ್ಕೆ ತಾರೀಕಿನ ಮೊಹರು ಹೊಡೆದು ಗೋಡೆಗೆ ಅಂಟಿಸಿದ್ದಾರೆ.

ನಾನೂ ನಕ್ಕೆ. ತುಂಬಾ ದಿನದ ಮೇಲೆ. ನಕ್ಕ ಮೇಲೆ ಯಾಕೋ ಅಳು ಬಂತು, ಒಳಗೆ ಹೋಗಿ ಹಾಲು ಕಾಯಿಸಿದೆ.

ನೀನು ಈ ಕಡೆ ಬರುವುದು ಯಾವಾಗ? ಸುಮ್ಮನೆ ಕೇಳಿದೆ. ನಿನಗೆ ಕೆಲಸವಿರುತ್ತದೆ.

ಜಗದಾಂಬ


ಮಿಡಿಗೇಶಿ
೨೯ ಆಗಸ್ಟ್ ೧೯೮೬

ಭೀಮಕ್ಕ,

ಇದನ್ನು ನಿನಗೆ ಕಳಿಸುವುದಿಲ್ಲ. ಬಿ.ಎಸ್ಸಿ.ಯ ಕ್ಯಾಲ್ಕುಲಸ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಬೇರೆ ಯಾರೂ ತೆರೆಯದ ಪುಸ್ತಕ ಇದೊಂದೇ.

ನನಗೆ ನಿದ್ದೆ ಇಲ್ಲ. ಎಷ್ಟು ದಿನದಿಂದ ಅಂತ ಲೆಕ್ಕ ತಪ್ಪಿದೆ. ಕೂಸು ನಿದ್ದೆ ಮಾಡುತ್ತದೆ, ನಾನು ಅದರ ಉಸಿರು ಎಣಿಸುತ್ತೇನೆ. ನಿಮಿಷಕ್ಕೆ ಮೂವತ್ತಾರು, ಒಮ್ಮೊಮ್ಮೆ ಮೂವತ್ತೆಂಟು. ನಾನು ಎಣಿಸುವುದನ್ನು ನಿಲ್ಲಿಸಿದರೆ ಅದೂ ನಿಲ್ಲುತ್ತದೆ ಅನ್ನಿಸುತ್ತದೆ. ಹಾಗಾಗುವುದಿಲ್ಲ ಅಂತ ಗೊತ್ತು. ಓದಿದವಳು ನಾನು, ಗೊತ್ತಿದೆ. ಗೊತ್ತಿದ್ದೂ ಎಣಿಸುತ್ತೇನೆ.

ನಿನ್ನೆ ಬಾವಿಯ ಹತ್ತಿರ ಕೂಸು ಕಂಕುಳಲ್ಲಿತ್ತು. ಈ ಕೈ ಸಡಿಲವಾದರೆ ಅಂತ ಒಂದು ಯೋಚನೆ ಬಂತು. ಕೈ ಸಡಿಲವಾಗಲಿಲ್ಲ. ಬಿಂದಿಗೆ ಅಲ್ಲೇ ಬಿಟ್ಟು ಓಡಿ ಬಂದೆ. ಆದರೆ ಯೋಚನೆ ಬಂತಲ್ಲ. ಎಂಥ ತಾಯಿಗೆ ಅಂಥ ಯೋಚನೆ ಬರುತ್ತದೆ?

ಅತ್ತೆ ಏಳು ಹೆತ್ತವರು. ಒಂದು ದಿನ ನಿದ್ದೆ ಬರೋಲ್ಲ ಅಂದೆ. "ನಾವೆಲ್ಲ ನಿದ್ದೆಗೆಟ್ಟೇ ಸಾಕಿದ್ದು ಕಣಮ್ಮ" ಅಂದರು, ಪ್ರೀತಿಯಿಂದಲೇ. ಇವರಿಗೆ ಹೇಳೋಣವೆಂದರೆ ಭಾನುವಾರ ಮನೆ ತುಂಬಾ ಜನ. ನಿನಗೆ ಬರೆಯೋಣವೆಂದರೆ ಮಾವ ಓದುತ್ತಾರೆ. ಬೈಯುವುದಿಲ್ಲ. ಬೈದರೂ ಚಿಂತೆಯಿರಲಿಲ್ಲ, ಜಗಲಿಯಲ್ಲಿ ಗಟ್ಟಿಯಾಗಿ ಓದಿಬಿಡುತ್ತಾರೆ ಅಂತಲೇ ಭಯ.

ಅಂಕಿಗಳನ್ನು ಯಾರು ಓದುತ್ತಾರೆ ಅಂತ ಬರೆದಿದ್ದೆಯಲ್ಲ. ಅದನ್ನೇ ಎರಡು ದಿನದಿಂದ ಯೋಚಿಸುತ್ತಿದ್ದೇನೆ.


ಮಿಡಿಗೇಶಿ
೧ ಸೆಪ್ಟೆಂಬರ್ ೧೯೮೬

ಭೀಮಕ್ಕ,

ಇದು ಮೂರನೆಯ ತಮಾಷೆ. ಮೊದಲೇ ಹೇಳಿಬಿಟ್ಟಿದ್ದೇನೆ, ಮೋಸವಿಲ್ಲ.

ಹಿಂಬದಿಯಲ್ಲಿರುವುದು ಕೂಸಿನ ಜಾತಕದ ಲೆಕ್ಕ. ಮಾವ "ಏನಮ್ಮ ಇಷ್ಟೊಂದ್ ಅಂಕಿ?" ಅಂದರು. ಜಾತಕ ಅಂದ ಕೂಡಲೇ ಕಣ್ಣಿಗೊತ್ತಿಕೊಂಡು ತಾವೇ ಅಂಟು ಹಚ್ಚುತ್ತೇನೆ ಅಂದರು. ಕಂಪ್ಯೂಟರಿನಲ್ಲಿ ಜಾತಕ ಹಾಕಿಸಿಕೊಳ್ಳುವ ಮೊದಲನೇ ಕೂಸು ಈ ತಾಲ್ಲೂಕಿಗೇ ನಮ್ಮದು ಅಂತ ಜಂಬ ಅವರಿಗೆ.

ಭೀಮಕ್ಕ, ಇದನ್ನು ನೀನೊಬ್ಬಳೇ ಇದ್ದಾಗ ಓಡಿಸು. ಹುಡುಗರ ಎದುರಿಗೆ ಬೇಡ. ಕಾಗದ ಸಿಕ್ಕಿದ ದಿನವೇ ಓಡಿಸು. ಉತ್ತರ ಬೇಗ ಬರಿ.

ಜಗದಾಂಬ


ಶಿರಾ
೧೭ ಸೆಪ್ಟೆಂಬರ್ ೧೯೮೬

ಜಗದಾ,

ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಇಲ್ಲಿ ತಪಾಸಣೆ, ಅದು ಇದು.

ನಿನ್ನ ಜಾತಕದ ತಮಾಷೆ ಬಹಳ ಚೆನ್ನಾಗಿತ್ತು! ಹೊಟ್ಟೆ ಹಿಡಿದುಕೊಂಡು ನಕ್ಕೆ. ನೀನು ಬೇಡ ಅಂದಿದ್ದರೂ ತಡೆಯಲಾಗದೆ ಹುಡುಗರಿಗೂ ತೋರಿಸಿದೆ, ಅವರೂ ಬಿದ್ದು ಬಿದ್ದು ನಕ್ಕರು. ಪರ್ವತಯ್ಯನವರಂತೂ ಇನ್ನೊಂದು ಸಲ ಓಡಿಸಿ ಅಂದರು. ನಿನ್ನಂಥವಳು ಅಲ್ಲಿ ಕೂತಿರಬಾರದು ಕಣೇ, ಇಲ್ಲಿರಬೇಕಿತ್ತು.

ಇನ್ನೂ ಕಳಿಸುತ್ತಿರು. ನಿಲ್ಲಿಸಬೇಡ.

ಭೀಮಕ್ಕ


ಮಿಡಿಗೇಶಿ
೨೪ ಸೆಪ್ಟೆಂಬರ್ ೧೯೮೬
(ಕಾರ್ಡು)

ಭೀಮಕ್ಕ,

ನೀನು ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ಮಾವ ಜಗಲಿಯಲ್ಲಿ ಎರಡು ಸಲ ಓದಿದರು. ಹುಡುಗರೂ ನಕ್ಕರಂತೆ. ಆಯಿತು.

ಇನ್ನು ತಮಾಷೆ ಕಳಿಸುವುದಿಲ್ಲ. ಕಾಗದವನ್ನೂ ಬರೆಯುವುದಿಲ್ಲ. ನೀನು ಚೆನ್ನಾಗಿರು.

ಜಗದಾಂಬ


ಶಿರಾ
೨೭ ಸೆಪ್ಟೆಂಬರ್ ೧೯೮೬
(ಕಾರ್ಡು)

೬೬ ೬೫ ೮೨ ೮೪ ೭೩ ೭೮ ೭೩
೭೧ ೮೫ ೮೨ ೮೫ ೮೬ ೬೫ ೮೨ ೬೫

ಮಾವನವರಿಗೆ ನಮಸ್ಕಾರಗಳು. ಕೂಸಿನ ಜಾತಕದ ಉಳಿದ ಲೆಕ್ಕ ಮೇಲಿದೆ. ಈ ಕಾರ್ಡನ್ನು ತಡಮಾಡದೆ ಸೊಸೆಯವರಿಗೆ ಓದಿ ಹೇಳಬೇಕು. ಒಂದೊಂದೇ ಅಂಕಿ, ನಿಧಾನವಾಗಿ.

ಭೀಮಕ್ಕ


ಶಿರಾ
೧೮ ಅಕ್ಟೋಬರ್ ೧೯೮೬

ಜಗದಾ,

ನಿನ್ನ ಮನೆಯಲ್ಲಿ ಏಳು ದಿನ ಇದ್ದೆ. ನಿನ್ನ ಕೈಯಿಂದ ಆ ನೋಟ್‌ಬುಕ್ಕು ಇಸಿದುಕೊಂಡು ಓದಿದೆ, ಮಧುಗಿರಿಗೆ ಲೇಡಿ ಡಾಕ್ಟರ ಹತ್ತಿರ ಜೊತೆಗೆ ಬಂದೆ. ಆದರೆ ಒಂದು ಮಾತು ಮುಖ ನೋಡಿ ಹೇಳಲಾಗಲಿಲ್ಲ. ನಾನು ಬಸ್ಸಿಳಿದು ಬಂದಾಗ ನೀನು ಬಾಗಿಲಲ್ಲೇ ನಿಂತು, "ಮೊದಲ ಸಲ ನೋಡಿದಾಗ ನಿನಗೆ ನಗು ಯಾಕೆ ಬಂತೇ?" ಅಂದೆ. ನಾನು ಕೂಸನ್ನು ಎತ್ತಿಕೊಂಡು ಒಳಗೆ ನಡೆದೆ.

ನಾನು ನೋಡಿಯೇ ಇರಲಿಲ್ಲ ಜಗದಾ. ನಕ್ಕೇ ಇರಲಿಲ್ಲ.

ಆಗಸ್ಟ್ ೧೯ಕ್ಕೆ ಯಂತ್ರ ಸುಟ್ಟಿತು. ಕರೆಂಟು ಏರಿಳಿಯುತ್ತಿತ್ತು, ನಾನು ಸ್ವಿಚ್ ಆರಿಸದೆ ಊಟಕ್ಕೆ ಹೋಗಿದ್ದೆ. ಬಂದಾಗ ಕೋಣೆಯೆಲ್ಲ ವಾಸನೆ. ತರಬೇತಿಯಲ್ಲಿ ನಿನ್ನನ್ನು ಅಳಿಸಿದ ಆ ಮಾತು ನನಗೇ ಬಂತು. ಯಂತ್ರ ಕೆಟ್ಟಿತು, ಮುಟ್ಟಿದವರು ಭೀಮಕ್ಕ. ಮೆಮೊ ಕೊಟ್ಟರು. ಕೋಣೆಗೆ ಬೀಗ ಹಾಕಿದರು, ಯಂತ್ರ ರಿಪೇರಿಯಾಗಿ ಬರುವುದು ಸಂಕ್ರಾಂತಿಗಂತೆ. ಸ್ಟಾಫ್ ರೂಮಿನಲ್ಲಿ ಒಬ್ಬರು "ಕುರಿ ಕಾಯೋರ ಕೈಗೆ ಕಂಪ್ಯೂಟರ್ ಕೊಟ್ಟರೆ ಇನ್ನೇನಾಗುತ್ತೆ" ಅಂದರು, ನನಗೆ ಕೇಳಿಸಲಿ ಅಂತಲೇ. ಕದರಪ್ಪ ಮಾತ್ರ "ಸುಮ್ಕಿರಿ ಮೇಡಂ, ಅದು ಮದ್ಲಿಂದ್ಲೂ ಸುಳ್ಗಾರ ಯಂತ್ರ" ಅಂದ.

ನಿನಗೆ ಬರೆಯಲು ನಾಚಿಕೆಯಾಯಿತು. ಯಂತ್ರವೇ ಇಲ್ಲ ಅಂದರೆ ನೀನು ತಮಾಷೆ ಕಳಿಸುವುದು ನಿಲ್ಲಿಸುತ್ತೀಯ, ಆಗ ನನಗಿದ್ದ ನಗು ಅದೊಂದೇ. ಅದಕ್ಕೇ ಓಡಿಸದೆ ಓಡಿಸಿದೆ ಅಂದೆ. ನೋಡದೆ ನಕ್ಕೆ ಅಂದೆ.

ನಿನ್ನ ಕಾರ್ಡು ಬಂದ ಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ಹೊಗಳಿದರೆ ಯಾರಾದರೂ ಕಾಗದ ನಿಲ್ಲಿಸುತ್ತಾರಾ? ಯಂತ್ರದ ಪುಸ್ತಕದ ಕೊನೆಯಲ್ಲಿರುವ ಪಟ್ಟಿ ಎದುರಿಗಿಟ್ಟುಕೊಂಡು ನಿನ್ನ ಜಾತಕಕ್ಕೆ ಪೆನ್ಸಿಲ್ ಹಿಡಿದು ಕೂತೆ. ೭೮ ಅಂದರೆ ಎನ್. ೭೩ ಐ. ೬೮ ಡಿ, ಇನ್ನೊಂದು ಡಿ. ೬೯ ಇ. ನಿದ್ದೆ. ಆಮೇಲೆ ಇಲ್ಲ. ಆಮೇಲೆ ಭಯ. ಕೊನೆಗೆ ಬಾ. ಒಂದೊಂದು ಅಕ್ಷರವೂ ಕೈಯಲ್ಲೇ ಬಂತು. ಯಂತ್ರವಾಗಿದ್ದರೆ ಒಂದೇ ಉಸಿರಿಗೆ ಹೇಳಿಬಿಡುತ್ತಿತ್ತು.

ನಮ್ಮ ಹಟ್ಟಿಯಲ್ಲಿ ಬಾಣಂತಿಯನ್ನು ಊರಾಚೆ ಗುಡಿಸಲಲ್ಲಿ ಇಡುತ್ತಿದ್ದರು. ನನ್ನ ತಮ್ಮ ಹುಟ್ಟಿದಾಗ ನನಗೆ ಎಂಟು ವರ್ಷ. ದೂರದಲ್ಲಿ ನಿಂತು "ಅವ್ವಾ, ಹೆಂಗಿದ್ದೀಯ?" ಅಂತ ಕೂಗುತ್ತಿದ್ದೆ. ಅವ್ವ ದಿನವೂ "ಚೆಂದಾಕಿವ್ನಿ ಕಣವ್ವ" ಅನ್ನುತ್ತಿದ್ದಳು, ನಾನು ದಿನವೂ ನಂಬಿ ಆಡಲು ಹೋಗುತ್ತಿದ್ದೆ. ಮನೆ ತುಂಬಾ ಜನರ ನಡುವೆ ನೀನೂ ಅಂಥದೇ ಗುಡಿಸಲಲ್ಲಿದ್ದೆ. ಊಟ ನಿದ್ದೆ ಚೆನ್ನಾಗಿ ಆಗುತ್ತಿದೆ ಅಂದೆ, ನಾನು ನಂಬಿ ಆಡಲು ಹೋದೆ.

ಹತ್ತು ದಿನ ನನ್ನ ಸುಳ್ಳಿಂದ ಕಾದೆಯಲ್ಲ, ಅದಕ್ಕೆ ಏನು ಹೇಳಬೇಕು ತಿಳಿಯುತ್ತಿಲ್ಲ.

ಈ ಕಾಗದ ಮಾವನವರು ಓದಿದರೂ ಪರವಾಗಿಲ್ಲ.

ಭೀಮಕ್ಕ


ಮಿಡಿಗೇಶಿ
೮ ನವೆಂಬರ್ ೧೯೮೬

ಭೀಮಕ್ಕ,

ಮಾವ ಓದಲಿಲ್ಲ. ನಿನ್ನ ಕಾಗದ ಒಡೆಯದೆ ತಂದು, ತೊಟ್ಟಿಲ ಪಕ್ಕ ಇಟ್ಟು, ಕೆಮ್ಮಿ, ಹೊರಟುಹೋದರು. ಈಗ ಹಾಗೇ. ನೀನು ಅವತ್ತು ಜಗಲಿಯಲ್ಲಿ ಅವರೆದುರು ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆಯಲ್ಲ, ನೀನು ಮಲಗಿದ ಮೇಲೆ ಅವರು ಅತ್ತೆಯ ಹತ್ತಿರ ಹೇಳಿದ್ದು ನನಗೆ ಕೇಳಿಸಿತು. "ಮೂವತ್ತು ವರ್ಸ ಊರೋರ್ ಕಾಗ್ದ ಎಲ್ಲಾ ಮುಟ್ಟಿಸ್ದೆ ಕಣೇ. ನನ್ ಮನೇದೇ ಒಂದು ಮುಟ್ಲಿಲ್ವಲ್ಲ."

ನಿನ್ನ ಅಂಕಿಯ ಕಾರ್ಡಿನ ಕಥೆ ನಾನೂ ನಿನಗೆ ಪೂರ್ತಿ ಹೇಳಿರಲಿಲ್ಲ. ನೀನು ಹೇಳಿದ ಹಾಗೇ ಮಾವ ನಿಧಾನವಾಗಿ ಓದಿದರು. "ಅರವತ್ತಾರು. ಅರವತ್ತೈದು. ಎಂಬತ್ತೆರಡು." ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಒಂದೊಂದನ್ನೇ ಅಕ್ಷರ ಮಾಡಿಕೊಳ್ಳುತ್ತಾ ಬಂದೆ. "ಬರ್ತೀನಿ" ಆಗುವ ಹೊತ್ತಿಗೆ ಬಾಗಿಲು ಹಿಡಿದುಕೊಂಡಿದ್ದೆ. ಎರಡನೇ ಸಾಲು "ಗುರುವಾರ". ಮಾವ ಕಾರ್ಡು ಇಳಿಸಿ, "ಯಾಕಮ್ಮ, ಜಾತ್ಕದಲ್ಲಿ ಕಂಟಕ ಐತಾ?" ಅಂದರು. ಇಲ್ಲ ಮಾವ, ಒಳ್ಳೇದೇ ಇದೆ ಅಂದೆ. ಹಾಗೆ ಹೇಳಿದ್ದು ಆ ತಿಂಗಳಿಗೆಲ್ಲ ನಾನಾಡಿದ ಮೊದಲನೇ ನಿಜ.

ಡಾಕ್ಟರಮ್ಮ ಮತ್ತೆ ನೋಡಿದರು. ಅಂಥ ಯೋಚನೆ ಎಷ್ಟೋ ತಾಯಂದಿರಿಗೆ ಬರುತ್ತದೆ, ಬಾಯಿಬಿಟ್ಟು ಹೇಳುವವರು ಕಡಿಮೆ ಅಂದರು. ಮಾತ್ರೆ ಇನ್ನೂ ಇದೆ. ಹಾಲು ಕುಡಿಸಿ ಆದ ಮೇಲೆ ಕೂಸು ಅತ್ತೆಯ ಪಕ್ಕಕ್ಕೆ ಹೋಗುತ್ತದೆ. "ಉಸ್ರು ನಾನ್ ಎಣಿಸ್ತೀನಿ, ನೀನ್ ಬಿದ್ಕೊ" ಅನ್ನುತ್ತಾರೆ. ಅವರಿಗೆ ಇಪ್ಪತ್ತರ ಮೇಲೆ ಎಣಿಸಲು ಬರುವುದಿಲ್ಲ, ಆದರೂ ಕೂಸು ಉಸಿರಾಡುತ್ತಿದೆ. ಇವರು ವಾರದ ನಡುವೆಯೂ ಒಂದು ದಿನ ಬರುತ್ತಾರೆ. ನೀರು ಈಗ ಇವರೋ ಅತ್ತೆಯೋ ತರುತ್ತಾರೆ. ನಾನು ಬಾವಿಗೆ ಹೋಗುವುದು ಇನ್ನೂ ಸ್ವಲ್ಪ ದಿನ ಬೇಡ ಅಂತ ನಾನೇ ಹೇಳಿದ್ದೇನೆ, ಎಲ್ಲರೆದುರಿಗೆ.

ನಿನ್ನ ಸುಳ್ಳಿನ ವಿಷಯ. ಕೋಪ ಬಂತು, ಎರಡು ದಿನ ಇತ್ತು. ಆಮೇಲೆ ನನ್ನ ಕಾಗದಗಳನ್ನೆಲ್ಲ ನೆನಪು ಮಾಡಿಕೊಂಡೆ, ಅವುಗಳಲ್ಲಿ ನಿಜ ಎಷ್ಟಿತ್ತು? ನೀನು ನೋಡದೆ ನಕ್ಕೆ, ನಾನು ನಿದ್ದೆ ಇಲ್ಲದೆ ಚೆನ್ನಾಗಿದ್ದೆ. ಸರಿಹೋಯಿತು ಬಿಡು. ಆ ಸ್ಟಾಫ್ ರೂಮಿನವರಿಗೆ ಹೇಳು, ಯಂತ್ರವಿಲ್ಲದೆ ಪ್ರೋಗ್ರಾಂ ಓಡಿಸಿದವಳು ನೀನೊಬ್ಬಳೇ ಅಂತ.

ಯಂತ್ರ ರಿಪೇರಿಯಾಗಿ ಬರುವುದು ಸಂಕ್ರಾಂತಿಗೆ ಅಂದೆಯಲ್ಲ. ಅಲ್ಲಿಯವರೆಗೆ ಕಾಯಲಾರೆ. ನಾಲ್ಕನೆಯ ತಮಾಷೆ ಇದು, ಪೆನ್ಸಿಲ್ ತೆಗೆದುಕೋ. ಮೊದಲ ಐದಕ್ಕೆ ನಿನಗೆ ಪಟ್ಟಿ ಬೇಕಾಗುವುದಿಲ್ಲ.

೭೮ ೭೩ ೬೮ ೬೮ ೬೯
೬೬ ೬೫ ೭೮ ೮೪ ೮೫

ಈಗ ತಾನೇ ಮಾವ ಅಂಟಿನ ಬಟ್ಟಲು ತಂದು ನನ್ನ ಮುಂದಿಟ್ಟರು, ನೀನೇ ಹಚ್ಚಿಕೋ ಅಂತ. ಮುಖ ಆ ಕಡೆ ತಿರುಗಿಸಿಕೊಂಡು ನಿಂತಿದ್ದಾರೆ. ಆದರೆ ಅಂಕಿ ಕಣ್ಣಿಗೆ ಬಿದ್ದುಬಿಟ್ಟಿದೆ, ತಡೆಯಲಾಗುತ್ತಿಲ್ಲ ಅವರಿಗೆ.

"ಇದ್ಯಾರ್ದಮ್ಮ ಜಾತ್ಕ?"

"ನಂದೇ ಮಾವ. ನಿದ್ದೆ ಬಂತು ಅಂತ ಬರೆದಿದ್ದೀನಿ."

"ಅದ್ನ ನೆಟ್ಗೆ ಬರೀಬಾರ್ದಾ, ಗಟ್ಟಿಯಾಗಿ ಓದ್ತಿದ್ನಲ್ಲ!"

ಓದಿ ಮಾವ ಅಂದೆ. ಕಾಗದ ನನ್ನ ಕೈಯಲ್ಲೇ ಇದೆ, ಆ ಎರಡು ಮಾತನ್ನೇ ಜಗಲಿಯಲ್ಲಿ ನಿಂತು ಈಗ ಓದುತ್ತಿದ್ದಾರೆ, ಬಸ್ಸಿಗೆ ಕಾಯುತ್ತಿರುವವರಿಗೆಲ್ಲ ಕೇಳುವ ಹಾಗೆ.

ನಿನ್ನ
ಜಗದಾಂಬ